ಎರಡು ಚಮಚದ ಲೆಕ್ಕ

ಹೋದ ವರ್ಷ ಬೇಸಿಗೆಯಲ್ಲಿ ಅಮ್ಮ ಮಾಲೂರಿನಿಂದ ಅಮೆರಿಕದ ಪಿಯೋರಿಯಾಕ್ಕೆ, ನಮ್ಮ ಮನೆಗೆ ಬಂದಳು. ಬಂದ ಮರುದಿನ ಬೆಳಗ್ಗೆ ಅವಳು ಮಾಡಿದ ಮೊದಲ ಕೆಲಸ ನಮ್ಮ ಫ್ರಿಜ್ಜಿನ ತಪಾಸಣೆ. ಒಂದೊಂದೇ ಡಬ್ಬಿ ತೆಗೆದು, ಮೂಸಿ, ಮುಖ ಕಿವುಚಿ ವಾಪಸ್ ಇಟ್ಟಳು. ಬಾಗಿಲಿನಲ್ಲಿದ್ದ ಬಿಳಿ ಬಾಟಲಿಯ ಸರದಿ ಬಂದಾಗ ಮಾತ್ರ ಸ್ವಲ್ಪ ಹೊತ್ತು ನಿಂತಳು.

"ಸಬ್ಬಸಿಗೆ ಸೊಪ್ಪಿನ ವಾಸ್ನೆ ಬರ್ತಿದೆಯಲ್ಲೋ. ಮಜ್ಜಿಗೆಹುಳಿನಾ?"

"ಅಲ್ಲಮ್ಮ, ಸಲಾಡ್ ಮೇಲೆ ಹಾಕ್ಕೊಳ್ಳೋ ಡ್ರೆಸ್ಸಿಂಗ್. ಲೈಟ್ ರ‍್ಯಾಂಚ್ ಅಂತ."

"ಲೈಟ್ ಅಂದ್ರೆ?"

ಕೊಬ್ಬು ಕಮ್ಮಿ ಅಂದೆ. "ಎಷ್ಟು ಕಮ್ಮಿ?" ಅಂದಳು. ನಾಲ್ಕು ವರ್ಷದಿಂದ ಹೆಚ್ಚುಕಡಿಮೆ ದಿನಾ ಸಂಜೆ ತಿನ್ನುತ್ತಿರುವ ಪದಾರ್ಥ ಅದು. ನನಗೆ ಉತ್ತರ ಗೊತ್ತಿರಲಿಲ್ಲ.

ಲೈಟ್ ಅನ್ನೋ ಪದ ನಮ್ಮ ಬಾಯಲ್ಲಿ ಎಷ್ಟು ಸಲೀಸಾಗಿ ಓಡಾಡುತ್ತದೆ ನೋಡಿ. ಕಾಫಿ ಲೈಟಾಗಿರಲಿ ಅಂದರೆ ಡಿಕಾಕ್ಷನ್ ಕಮ್ಮಿ. ಸೀರೆ ಲೈಟ್ ಅಂದರೆ ಬಣ್ಣ ತೆಳು. ರಾತ್ರಿಗೆ ಲೈಟಾಗಿ ಏನಾದರೂ ಮಾಡು ಅಂದರೆ ಉಪ್ಪಿಟ್ಟು. ಆ ಉಪ್ಪಿಟ್ಟಿಗೆ ಎಷ್ಟು ಎಣ್ಣೆ ಬಿತ್ತು ಅಂತ ಯಾರೂ ಕೇಳುವುದಿಲ್ಲ. ಬಾಟಲಿ ಮೇಲಿನ ಲೈಟನ್ನೂ ನಾನು ಹಾಗೇ ಓದಿಕೊಂಡಿದ್ದೆ. ಎಷ್ಟು ಬೇಕಾದರೂ ಸುರಿದುಕೋ, ಏನೂ ಆಗಲ್ಲ ಅಂತ.

ಸಲಾಡಿನ ಸಹವಾಸ ಶುರುವಾಗಿದ್ದು ಒಂದು ರಕ್ತ ಪರೀಕ್ಷೆಯಿಂದ. ಎಲ್‌ಡಿಎಲ್ 148 ಬಂದಿತ್ತು, ಕೆಟ್ಟ ಕೊಲೆಸ್ಟ್ರಾಲ್ ಅನ್ನುತ್ತಾರಲ್ಲ ಅದು. ಮಾತ್ರೆಗೆ ಇನ್ನೂ ಸಮಯ ಇದೆ, ಮೊದಲು ಊಟ ಸರಿ ಮಾಡಿಕೊಳ್ಳಿ, ಸೊಪ್ಪು ತರಕಾರಿ ಜಾಸ್ತಿ ತಿನ್ನಿ ಅಂದರು ಡಾಕ್ಟರು. ಹಸಿ ಲೆಟಿಸ್ ಎಲೆ ತಿನ್ನೋದು ಅಂದರೆ ನನಗೆ ಒದ್ದೆ ಕಾಗದ ತಿಂದ ಹಾಗೆ. ಅದು ಗಂಟಲಲ್ಲಿ ಇಳಿಯಬೇಕಾದರೆ ಮೇಲೊಂದು ಬಿಳಿ ಮಳೆ ಬೀಳಲೇಬೇಕು. ಮಾಮೂಲಿ ರ‍್ಯಾಂಚ್ ಪೂರ್ತಿ ಎಣ್ಣೆ ಅಂತ ಹೆಂಡತಿ ಬಯ್ದದ್ದಕ್ಕೆ ಲೈಟ್ ಬಂತು. ಅಲ್ಲಿಗೆ ಸಮಸ್ಯೆ ಮುಗಿಯಿತು ಅಂದುಕೊಂಡೆವು.

ಅಮ್ಮನ ಪ್ರಶ್ನೆ ಆದ ಸಂಜೆ ತಕ್ಕಡಿ ಹೊರಗೆ ತೆಗೆದೆ. ಕೊರೊನಾ ಕಾಲದಲ್ಲಿ ಬ್ರೆಡ್ ಮಾಡುವ ಹುಚ್ಚು ಹಿಡಿದಾಗ ಕೊಂಡದ್ದು, ಆಮೇಲೆ ಅಟ್ಟ ಸೇರಿತ್ತು. ಬಟ್ಟಲಿಗೆ ಸೊಪ್ಪು, ಸೌತೆಕಾಯಿ, ಕ್ಯಾರೆಟ್, ಟೊಮೆಟೊ ಹಾಕಿ, ತಕ್ಕಡಿಯನ್ನು ಸೊನ್ನೆಗೆ ತಂದು, ದಿನಾ ಹೇಗೆ ಸುರಿಯುತ್ತೇನೋ ಹಾಗೇ ಸುರಿದೆ. 75 ಗ್ರಾಂ.

ಬಾಟಲಿಯ ಬೆನ್ನ ಮೇಲೆ ಬರೆದಿರುವ ಲೆಕ್ಕವೆಲ್ಲ ಎರಡು ಟೇಬಲ್ ಸ್ಪೂನಿನದು. ಅಂದರೆ 30 ಗ್ರಾಂ. ನಾನು ಸುರಿದದ್ದು ಅದರ ಎರಡೂವರೆ ಪಟ್ಟು. ತಮಾಷೆ ಅಂದರೆ, ಅಮೆರಿಕದ ಕಾನೂನಿನ ಪ್ರಕಾರ ಆ 30 ಗ್ರಾಂ ಅನ್ನೋದು "ಇಷ್ಟೇ ತಿನ್ನಿ" ಅನ್ನುವ ಸಲಹೆ ಅಲ್ಲ. ಜನ ಒಂದು ಸಲಕ್ಕೆ ಸಾಮಾನ್ಯವಾಗಿ ಎಷ್ಟು ತಿನ್ನುತ್ತಾರೆ ಅನ್ನುವುದರ ಅಳತೆ. ಆ ಸಾಮಾನ್ಯ ಜನ ಯಾರೋ, ನಮ್ಮ ಮನೆಯವರಂತೂ ಅಲ್ಲ. ಮಗಳು ಪಿಜ್ಜಾದ ಅಂಚನ್ನು ಅದರಲ್ಲಿ ಅದ್ದಿ ತಿನ್ನುವುದನ್ನು ನೀವು ನೋಡಬೇಕು.

ಆ ವಾರ ಅಂಗಡಿಗೆ ಹೋದಾಗ ಮಾಮೂಲಿ ಬಾಟಲಿಯನ್ನೂ ಒಂದು ತಂದು ಎರಡನ್ನೂ ಪಕ್ಕಪಕ್ಕ ಇಟ್ಟೆ. ಎರಡಕ್ಕೂ ಒಂದೇ ಬೆಲೆ. ಎರಡು ಚಮಚ ಮಾಮೂಲಿ ರ‍್ಯಾಂಚಿನಲ್ಲಿ 130 ಕ್ಯಾಲೊರಿ, ಕೊಬ್ಬು 14 ಗ್ರಾಂ. ಲೈಟಿನಲ್ಲಿ 60 ಕ್ಯಾಲೊರಿ, ಕೊಬ್ಬು 5 ಗ್ರಾಂ, ಅದರಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಏರಿಸುವ ಸ್ಯಾಚುರೇಟೆಡ್ ಕೊಬ್ಬು 1 ಗ್ರಾಂ. ಕಾರ್ಬೊಹೈಡ್ರೇಟ್ ಮಾಮೂಲಿಯಲ್ಲಿ 2, ಲೈಟಿನಲ್ಲಿ 3. ಪ್ರೋಟೀನ್ ಎರಡರಲ್ಲೂ ಇಲ್ಲ ಅಂತಲೇ ಇಟ್ಟುಕೊಳ್ಳಿ. ಸೋಡಿಯಂ ಮಾಮೂಲಿಯಲ್ಲಿ 260 ಮಿಲಿಗ್ರಾಂ, ಲೈಟಿನಲ್ಲಿ 290. ಕಂಪನಿಯಿಂದ ಕಂಪನಿಗೆ ಅಂಕಿ ಒಂದಿಷ್ಟು ಆಚೀಚೆ ಆಗುತ್ತದೆ. ಕಥೆ ಮಾತ್ರ ಹೆಚ್ಚುಕಡಿಮೆ ಇದೇ.

ಈಗ ನನ್ನ 75 ಗ್ರಾಂ ತೆಗೆದುಕೊಳ್ಳಿ. 150 ಕ್ಯಾಲೊರಿ, ಹನ್ನೆರಡೂವರೆ ಗ್ರಾಂ ಕೊಬ್ಬು. ಮಾಮೂಲಿ ರ‍್ಯಾಂಚನ್ನೇ ಎರಡು ಚಮಚ ಅಳೆದು ಹಾಕಿಕೊಂಡಿದ್ದರೆ 130ಕ್ಕೆ ಮುಗಿಯುತ್ತಿತ್ತು. ನಾಲ್ಕು ವರ್ಷ ಲೈಟ್ ತಿಂದೆ ಅಂತ ಒಳಗೊಳಗೇ ಬೀಗುತ್ತಿದ್ದೆನಲ್ಲ, ಅದರ ಗತಿ ಇದು.

ಹಾಗಂತ ಬಾಟಲಿಯವರು ಸುಳ್ಳು ಹೇಳಿದ್ದಾರೆ ಅನ್ನುವಂತಿಲ್ಲ. ಲೈಟ್ ಅನ್ನುವ ಪದಕ್ಕೆ ಇಲ್ಲಿ ಕಾನೂನಿನ ಅರ್ಥವೇ ಇದೆ. 1990ರಲ್ಲಿ ಅಮೆರಿಕದ ಸಂಸತ್ತು ಆಹಾರದ ಲೇಬಲ್ ಬಗ್ಗೆ ಒಂದು ಕಾಯ್ದೆ ಮಾಡಿತು. ಈಗ ಎಲ್ಲ ಪೊಟ್ಟಣದ ಮೇಲೂ ಕಾಣುವ, ಕ್ಯಾಲೊರಿ ಕೊಬ್ಬಿನ ಲೆಕ್ಕ ಬರೆದ ಆ ಕಪ್ಪು ಬಿಳುಪು ಚೌಕ ಬಂದದ್ದು ಅದರಿಂದಲೇ. ಅದರ ಕೆಳಗಿನ ನಿಯಮ ಹೀಗಿದೆ. ಒಂದು ಪದಾರ್ಥದ ಕ್ಯಾಲೊರಿಯಲ್ಲಿ ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಕೊಬ್ಬಿನಿಂದ ಬರುತ್ತಿದ್ದರೆ, ಅದರ ಲೈಟ್ ರೂಪದಲ್ಲಿ ಕೊಬ್ಬು ಅರ್ಧಕ್ಕಾದರೂ ಇಳಿಯಬೇಕು. ಯಾವುದಕ್ಕೆ ಹೋಲಿಸಿ ಎಷ್ಟು ಕಮ್ಮಿ ಅಂತ ಬಾಟಲಿಯ ಮೇಲೆ ಹೇಳಲೂ ಬೇಕು. ನನ್ನ ಬಾಟಲಿಯಲ್ಲೂ ಅದು ಇತ್ತು. ಇರುವೆ ಸಾಲಿನಂಥ ಅಕ್ಷರದಲ್ಲಿ.

ಅಂದರೆ ಲೈಟ್ ಅನ್ನುವುದು ಹೋಲಿಕೆಯ ಮಾತು. ಅಣ್ಣನಿಗಿಂತ ತಮ್ಮ ಸಣ್ಣ ಅಂದ ಹಾಗೆ. ಅಣ್ಣ ನೂರಿಪ್ಪತ್ತು ಕೆಜಿ ಇದ್ದರೆ ತಮ್ಮ ಎಂಬತ್ತು ಇದ್ದರೂ ಸಣ್ಣವನೇ. "ಲೋ ಫ್ಯಾಟ್" ಅಂತ ಬರೆಯಬೇಕಾದರೆ ನಿಯಮ ಬೇರೆ: 3 ಗ್ರಾಂ ದಾಟುವಂತಿಲ್ಲ. ನನ್ನ ಲೈಟಿನಲ್ಲಿ 5 ಗ್ರಾಂ ಇದೆ. ಹಾಗಾಗಿ ಅಮ್ಮನಿಗೆ ನಾನು ಕೊಟ್ಟ "ಕೊಬ್ಬು ಕಮ್ಮಿ" ಅನ್ನುವ ಉತ್ತರ ಕಾನೂನಿನ ಪ್ರಕಾರವೂ ತಪ್ಪು. ಗ್ರಾಂಗೆ 9 ಕ್ಯಾಲೊರಿಯಂತೆ 5 ಗ್ರಾಂ ಕೊಬ್ಬಿಗೆ 45 ಆಯಿತು. 60ರಲ್ಲಿ 45. ಮುಕ್ಕಾಲು ಪಾಲು ಕ್ಯಾಲೊರಿ ಈಗಲೂ ಎಣ್ಣೆಯಿಂದಲೇ ಬರುತ್ತಿದೆ.

ಇಲ್ಲೊಂದು ಅಡ್ಡಮಾತು. ಆಲಿವ್ ಎಣ್ಣೆಯ ಬಾಟಲಿ ಮೇಲೂ ಲೈಟ್ ಅಂತ ಇರುತ್ತದೆ. ಅದನ್ನೂ ಒಮ್ಮೆ ತಂದು ಧಾರಾಳವಾಗಿ ಒಗ್ಗರಣೆ ಹಾಕಿದವನು ನಾನು. ಅಲ್ಲಿ ಲೈಟ್ ಅಂದರೆ ಬಣ್ಣ ಮತ್ತು ವಾಸನೆ ತೆಳು ಅಂತ ಅಷ್ಟೇ. ಕ್ಯಾಲೊರಿ ಒಂದು ಟೇಬಲ್ ಸ್ಪೂನಿಗೆ ಅದೇ 120. ಸೀರೆ ಲೈಟ್ ಅಂದ ಹಾಗೆ.

ಈ ರ‍್ಯಾಂಚ್ ಹುಟ್ಟಿದ್ದಾದರೂ ಹೇಗೆ ಅಂದರೆ, ಅಲಾಸ್ಕದಲ್ಲಿ ಪ್ಲಂಬಿಂಗ್ ಗುತ್ತಿಗೆ ಮಾಡುತ್ತಿದ್ದ ಸ್ಟೀವ್ ಹೆನ್ಸನ್ ಕೆಲಸಗಾರರಿಗೆ ಅಡುಗೆ ಮಾಡುತ್ತಾ ಕಲಸಿದ ಮಿಶ್ರಣ ಅದು. 1954ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ಹತ್ತಿರ ಒಂದು ಜಾಗ ಕೊಂಡು, ಹಿಡನ್ ವ್ಯಾಲಿ ರ‍್ಯಾಂಚ್ ಅಂತ ಹೆಸರಿಟ್ಟು, ಬಂದ ಅತಿಥಿಗಳಿಗೆ ಬಡಿಸಿದ. ಜನ ಬಾಟಲಿ ತುಂಬಿಸಿಕೊಂಡು ಹೋಗತೊಡಗಿದರು. ಆಮೇಲೆ ಪುಡಿಯ ಪೊಟ್ಟಣ ಮಾಡಿ ಅಂಚೆಯಲ್ಲಿ ಮಾರಿದ. ಮನೆಯಲ್ಲಿ ಮೇಯನೇಸ್ ಮತ್ತು ಮಜ್ಜಿಗೆ ಸೇರಿಸಿ ಕಲಸಿಕೊಳ್ಳಬೇಕು. 1972ರಲ್ಲಿ ಬಟ್ಟೆಗೆ ಬ್ಲೀಚ್ ಮಾಡುವ ಕ್ಲೋರಾಕ್ಸ್ ಕಂಪನಿ 80 ಲಕ್ಷ ಡಾಲರ್ ಕೊಟ್ಟು ಅದನ್ನು ಕೊಂಡಿತು. ಅಮ್ಮನಿಗೆ ಬಂದ ಸಬ್ಬಸಿಗೆ ವಾಸನೆ ನಿಜವೇ. ಬೆಳ್ಳುಳ್ಳಿ, ಈರುಳ್ಳಿ, ಕಾಳುಮೆಣಸು, ಸಬ್ಬಸಿಗೆ ಇವೇ ರ‍್ಯಾಂಚಿನ ಪರಿಮಳ.

ಕೊಬ್ಬು ಬಂದದ್ದು ಮೇಯನೇಸಿನಿಂದ. ಇಲ್ಲಿನ ಕಾನೂನಿನಂತೆ ಮೇಯನೇಸ್ ಅನ್ನಿಸಿಕೊಳ್ಳಬೇಕಾದರೆ ತೂಕದಲ್ಲಿ ನೂರಕ್ಕೆ 65 ಭಾಗವಾದರೂ ಎಣ್ಣೆ ಇರಬೇಕು. ಎಣ್ಣೆಯನ್ನು ಮೊಟ್ಟೆಯ ಹಳದಿಯ ಜೊತೆ ಕಡೆದು ಕಡೆದು ಕಣ್ಣಿಗೆ ಕಾಣದ ಹನಿಗಳಾಗಿ ನೀರಿನಲ್ಲಿ ತೇಲಿಸಿದರೆ ಅದು ಬೆಣ್ಣೆಯಂತೆ ದಪ್ಪವಾಗುತ್ತದೆ. ನಾಲಿಗೆಗೆ ಕೆನೆ ಅನ್ನಿಸುವುದು ಕೆನೆಯಲ್ಲ, ಒತ್ತೊತ್ತಾಗಿ ನಿಂತ ಎಣ್ಣೆ ಹನಿಗಳು.

ಸರಿ, ಲೈಟ್ ಮಾಡುವಾಗ 30 ಗ್ರಾಂನಲ್ಲಿ 9 ಗ್ರಾಂ ಎಣ್ಣೆ ತೆಗೆದರು. ಬಾಟಲಿ ಮಾತ್ರ ತುಂಬಿಯೇ ಇದೆ. ಹಾಗಾದರೆ ಆ ಜಾಗಕ್ಕೆ ಬಂದದ್ದೇನು?

ನೀರು. ಲೇಬಲ್ಲಿನಲ್ಲಿ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಮಾಮೂಲಿ ಬಾಟಲಿಯಲ್ಲಿ ಮೊದಲ ಹೆಸರು ಸೋಯಾ ಎಣ್ಣೆ, ಲೈಟಿನಲ್ಲಿ ಮೊದಲ ಹೆಸರು ನೀರು. ಊರಲ್ಲಿ ಹಾಲಿಗೆ ನೀರು ಬೆರೆಸಿದರೆ ಹಾಲಿನವನ ಮೂರು ತಲೆಮಾರು ಜಾಲಾಡುತ್ತೇವೆ. ಇಲ್ಲಿ ಎಣ್ಣೆಗೆ ನೀರು ಬೆರೆಸಿ ಅದೇ ಬೆಲೆಗೆ ಕೊಟ್ಟರೆ ಆರೋಗ್ಯ ಅಂತ ಎತ್ತಿಕೊಂಡು ಬರುತ್ತೇವೆ. ಹೆಂಡತಿಗೆ ಈ ಮಾತು ಹೇಳಿದೆ. "ನೀರು ಬೆರೆಸಿದ ಹಾಲು ಕುಡಿದ್ರೂ ಕೊಬ್ಬು ಕಮ್ಮೀನೇ ತಾನೆ" ಅಂದಳು. ಅದೂ ಸರಿಯೇ.

ಆದರೆ ಸುಮ್ನೆ ನೀರು ಬೆರೆಸಿದರೆ ಎಲೆಯ ಮೇಲೆ ನಿಲ್ಲುವುದಿಲ್ಲ, ತಳಕ್ಕೆ ಹರಿದುಹೋಗುತ್ತದೆ. ನೀರನ್ನು ಹಿಡಿದು ನಿಲ್ಲಿಸಲು ಯಾರಾದರೂ ಬೇಕು. ಆ ಕೆಲಸಕ್ಕೆ ಮೊದಲು ಬರುವುದು ಪಿಷ್ಟ. ಲೇಬಲ್ಲಿನಲ್ಲಿ ಮಾಡಿಫೈಡ್ ಸ್ಟಾರ್ಚ್ ಅಂತ ಇರುತ್ತದೆ. ಅನ್ನದ ಗಂಜಿ ಆರಿದ ಮೇಲೆ ದಪ್ಪವಾಗುತ್ತದಲ್ಲ, ಅದೇ ಗುಣ. ನಮ್ಮ ಗಂಜಿ ಹುಳಿ ಬಿದ್ದರೆ ತೆಳುವಾಗುತ್ತದೆ, ನಾಲ್ಕು ದಿನ ಇಟ್ಟರೆ ನೀರು ಬಿಡುತ್ತದೆ. ವಿನೆಗರಿನ ಹುಳಿಯಲ್ಲೂ ತಿಂಗಳುಗಟ್ಟಲೆ ಹಾಗೇ ಇರಲಿ ಅಂತ ಆ ಪಿಷ್ಟವನ್ನು ಮೊದಲೇ ಪಳಗಿಸಿರುತ್ತಾರೆ. ಲೈಟಿನಲ್ಲಿ ಕಾರ್ಬೊಹೈಡ್ರೇಟ್ ಒಂದು ಗ್ರಾಂ ಏರಿದ್ದು ಇಲ್ಲಿಂದ ಮತ್ತು ಚಿಟಿಕೆ ಸಕ್ಕರೆಯಿಂದ. ಫ್ಯಾಟ್ ಫ್ರೀ ಅಂತ ಬರುವ ಬಾಟಲಿಯಲ್ಲಿ ಇದು ಇನ್ನೂ ಜಾಸ್ತಿ. ಅದರ ಎರಡು ಚಮಚಕ್ಕೆ 30 ಕ್ಯಾಲೊರಿ ಆಸುಪಾಸು, ಬಹುಪಾಲು ಗಂಜಿ ಮತ್ತು ಸಕ್ಕರೆಯದೇ. ಒಮ್ಮೆ ತಂದಿದ್ದೆವು. ಸಿಹಿ ಹಾಕಿದ ಅಂಟಿನ ಹಾಗಿತ್ತು. ಮಗಳು ಕೂಡ ಮುಟ್ಟಲಿಲ್ಲ.

ಇನ್ನೊಂದು ಹೆಸರು ಜಾಂಥನ್ ಗಮ್. ಹಿಂದೆಯೂ ಎಷ್ಟೋ ಸಲ ಕಣ್ಣಿಗೆ ಬಿದ್ದದ್ದು. ಏನದು ಅಂತ ಹುಡುಕಿದಾಗ ನಿಜವಾಗಲೂ ಕುರ್ಚಿಯಿಂದ ಎದ್ದೆ. ಅದು ಹುಟ್ಟಿದ್ದು ನಮ್ಮ ಊರಲ್ಲೇ, ಪಿಯೋರಿಯಾದಲ್ಲಿ. ಮಗಳನ್ನು ಸಂಗೀತದ ಕ್ಲಾಸಿಗೆ ಬಿಡಲು ವಾರಕ್ಕೆರಡು ಸಲ ಯೂನಿವರ್ಸಿಟಿ ಸ್ಟ್ರೀಟಿನಲ್ಲಿ ಹೋಗುತ್ತೇನೆ. ಅಲ್ಲೊಂದು ದೊಡ್ಡ ಸರ್ಕಾರಿ ಕಟ್ಟಡ ಇದೆ. ಕೃಷಿ ಇಲಾಖೆಯ ಸಂಶೋಧನಾಲಯ. ರೈತರು ಬೆಳೆದು ಉಳಿದ ಮುಸುಕಿನ ಜೋಳ, ಗೋಧಿಗೆ ಹೊಸ ಉಪಯೋಗ ಹುಡುಕಲು ಕಟ್ಟಿದ್ದು. ಎರಡನೇ ಮಹಾಯುದ್ಧದ ಹೊತ್ತಿಗೆ ಪೆನಿಸಿಲಿನ್ನನ್ನು ರಾಶಿಗಟ್ಟಲೆ ಬೆಳೆಸುವ ದಾರಿ ಸಿಕ್ಕಿದ್ದು ಅಲ್ಲಿ. 1943ರಲ್ಲಿ ಇದೇ ಊರಿನ ಮಾರುಕಟ್ಟೆಯ ಕೊಳೆತ ಕರಬೂಜದ ಮೇಲಿದ್ದ ಬೂಷ್ಟು ಅದಕ್ಕೆ ದಾರಿಯಾಯಿತು. ಅಷ್ಟು ಮಾತ್ರ ನನಗೆ ಗೊತ್ತಿತ್ತು. ಅದೇ ಕಟ್ಟಡದಲ್ಲಿ ಅಲೀನ್ ಜೀನ್ಸ್ ಎಂಬ ರಸಾಯನ ವಿಜ್ಞಾನಿ ಮತ್ತು ಅವರ ತಂಡ ಜಾಂಥನ್ ಗಮ್ ಕಂಡುಹಿಡಿದರು. ಜಾಂಥೊಮೊನಾಸ್ ಕ್ಯಾಂಪೆಸ್ಟ್ರಿಸ್ ಅನ್ನುವ ಬ್ಯಾಕ್ಟೀರಿಯಾಕ್ಕೆ ಸಕ್ಕರೆ ಕೊಟ್ಟರೆ ಅದು ಮೈ ಸುತ್ತ ಲೋಳೆ ಬಿಡುತ್ತದೆ. ಆ ಲೋಳೆಯನ್ನು ಬೇರ್ಪಡಿಸಿ ಒಣಗಿಸಿ ಪುಡಿ ಮಾಡಿದರೆ ಇದು. 1960ರ ದಶಕದ ಕೊನೆಗೆ ಆಹಾರದಲ್ಲಿ ಬಳಸಲು ಅನುಮತಿ ಸಿಕ್ಕಿತು.

ಆ ಬ್ಯಾಕ್ಟೀರಿಯಾದ ಮೂಲ ಕಸುಬು ಏನು ಗೊತ್ತಾ? ಎಲೆಕೋಸಿಗೆ ಕಪ್ಪು ಕೊಳೆ ರೋಗ ತರುವುದು.

ಇದನ್ನು ಅಮ್ಮನಿಗೆ ಹೇಳದೆ ಇರಲು ಆಗಲಿಲ್ಲ. ಮಾಲೂರಿನ ಸುತ್ತ ಕೋಸು ಬೆಳೆದವರಿಗೆ ಅದರ ಪರಿಚಯ ಮಾಡಿಕೊಡಬೇಕಿಲ್ಲ. ಎಲೆಯ ಅಂಚಿನಲ್ಲಿ ಹಳದಿ ಬಣ್ಣ ಶುರುವಾಗಿ ಮೂಲೆಯಾಕಾರದಲ್ಲಿ ಒಳಕ್ಕೆ ಇಳಿಯುತ್ತದೆ, ಎಲೆಯ ನರ ಕಪ್ಪಾಗುತ್ತದೆ. ಮಳೆ ಹಿಡಿದರೆ ಹೊಲ ಪೂರ್ತಿ ಹೋಯಿತು ಅಂತಲೇ ಲೆಕ್ಕ. ನಮ್ಮ ಮಾವ ಒಂದು ವರ್ಷ ಒಂದೂವರೆ ಎಕರೆ ಕೋಸನ್ನು ಹಾಗೇ ಉತ್ತುಹಾಕಿದ್ದು ನನಗೂ ನೆನಪಿದೆ.

"ಆ ಕೊಳೆ ರೋಗದ ಲೋಳೇನಾ ನೀವು ದುಡ್ಡು ಕೊಟ್ಟು ತಿಂತಿರೋದು?" ಅಂದಳು ಅಮ್ಮ.

ರೋಗ ಬಂದ ಕೋಸಿನಿಂದ ತೆಗೆಯುವುದಿಲ್ಲ, ಶುದ್ಧವಾದ ಟ್ಯಾಂಕಿನಲ್ಲಿ ಬೆಳೆಸುತ್ತಾರೆ, ಮೊಸರಿನಲ್ಲೂ ಬ್ಯಾಕ್ಟೀರಿಯಾ ಇರುತ್ತದಲ್ಲ ಅಂತೆಲ್ಲ ಹೇಳಿದೆ. ಅವಳು ನಂಬಿದಳೋ ಬಿಟ್ಟಳೋ ಗೊತ್ತಿಲ್ಲ. ಬಾಟಲಿಯನ್ನು ಮಾತ್ರ ಮೊಸರಿನ ಪಾತ್ರೆಯ ಪಕ್ಕದಿಂದ ಎತ್ತಿ ಕೆಳಗಿನ ಅರೆಗೆ ಇಟ್ಟಳು. ನಾನು ಆ ಅಂಟಿನ ಪರವಾಗಿಯೇ ಮಾತಾಡುತ್ತೇನೆ. ನೂರು ಗ್ರಾಂಗೆ ಅರ್ಧ ಗ್ರಾಂ ಕೂಡ ಬೇಡ, ಅಷ್ಟರಲ್ಲೇ ನೀರು ದಪ್ಪವಾಗುತ್ತದೆ. ಬಾಟಲಿ ಕುಲುಕಿ ಬಗ್ಗಿಸಿದರೆ ತೆಳುವಾಗಿ ಹರಿಯುತ್ತದೆ, ಎಲೆಯ ಮೇಲೆ ಬಿದ್ದ ಕೂಡಲೇ ಮತ್ತೆ ಗಟ್ಟಿಯಾಗಿ ಕೂರುತ್ತದೆ. ಇದೊಂದು ಗುಣಕ್ಕೇ ಅದಕ್ಕೆ ಇಷ್ಟು ಬೆಲೆ. ನಮ್ಮ ಹೊಟ್ಟೆ ಅದನ್ನು ಜೀರ್ಣ ಮಾಡಿಕೊಳ್ಳುವುದಿಲ್ಲ, ಕ್ಯಾಲೊರಿ ಅನ್ನುವಂಥದ್ದು ಏನೂ ಇಲ್ಲ. ನಾರಿನಂಶ ಅಂತ ಲೇಬಲ್ಲಿನಲ್ಲಿ ಬರೆದುಕೊಳ್ಳುವಷ್ಟೂ ಇಲ್ಲ. ಕೆಲವು ಬಾಟಲಿಗಳಲ್ಲಿ ಇದರ ಜೊತೆ ಗ್ವಾರ್ ಗಮ್ ಇರುತ್ತದೆ. ಅದು ಬೇರೆ ಯಾರೂ ಅಲ್ಲ, ನಮ್ಮ ಗೋರಿಕಾಯಿ ಬೀಜದ ಅಂಟು. ಪ್ರಪಂಚಕ್ಕೆಲ್ಲ ಬೇಕಾದ ಗೋರಿ ಬೀಜದ ಬಹುಪಾಲು ರಾಜಸ್ಥಾನದ ಕಡೆಯಿಂದ ಹೋಗುತ್ತದೆ. ಗೋರಿಕಾಯಿ ಪಲ್ಯ ಮಾಡುವಾಗ ಅದರಲ್ಲಿ ಇಷ್ಟು ಅಂಟಿದೆ ಅಂತ ಯಾರು ಅಂದುಕೊಳ್ಳುತ್ತಾರೆ.

ನನ್ನ ತಕರಾರು ಅಂಟಿನ ಬಗ್ಗೆ ಅಲ್ಲ, ಉಪ್ಪಿನ ಬಗ್ಗೆ.

ಎಣ್ಣೆ ತೆಗೆದಾಗ ಬರೀ ಕ್ಯಾಲೊರಿ ಹೋಗುವುದಿಲ್ಲ, ರುಚಿಯ ನಡಿಗೆಯೇ ಬದಲಾಗುತ್ತದೆ. ಬೆಳ್ಳುಳ್ಳಿ, ಸಬ್ಬಸಿಗೆಯ ಪರಿಮಳ ಎಣ್ಣೆಯಲ್ಲಿ ಕರಗಿರುತ್ತದೆ. ಎಣ್ಣೆ ಇದ್ದರೆ ಅದು ನಿಧಾನಕ್ಕೆ ಬಿಡುಗಡೆಯಾಗಿ ಬಾಯಲ್ಲಿ ನಿಲ್ಲುತ್ತದೆ. ಎಣ್ಣೆ ಕಮ್ಮಿಯಾದರೆ ಒಂದೇ ಸಲ ಮೂಗಿಗೆ ಹೊಡೆದು ಮಾಯವಾಗುತ್ತದೆ. ಹುಳಿ ಚೂಪಾಗುತ್ತದೆ. ಈ ಬೋಳುತನವನ್ನು ಮುಚ್ಚಲು ಒಂದಿಷ್ಟು ಉಪ್ಪು, ಒಂದಿಷ್ಟು ಸಕ್ಕರೆ, ಎಷ್ಟೋ ಬಾಟಲಿಗಳಲ್ಲಿ ಅಜಿನೊಮೊಟೊ. ಹಾಗಾಗಿ ಕೊಬ್ಬು ಮೂರನೇ ಒಂದು ಭಾಗಕ್ಕೆ ಇಳಿದರೂ ಸೋಡಿಯಂ 260ರಿಂದ 290ಕ್ಕೆ ಏರಿದೆ. ಬಾಟಲಿಯ ಲೈಟ್ ಕೊಬ್ಬಿನ ಮಾತು. ಉಪ್ಪಿನ ವಿಷಯದಲ್ಲಿ ಅದು ಯಾವ ಭರವಸೆಯನ್ನೂ ಕೊಟ್ಟಿಲ್ಲ.

ನನ್ನ 75 ಗ್ರಾಂಗೆ ಸೋಡಿಯಂ 725 ಮಿಲಿಗ್ರಾಂ ಆಯಿತು. ದಿನಕ್ಕೆ 2300 ಮಿಲಿಗ್ರಾಂ ದಾಟಬೇಡಿ ಅನ್ನುತ್ತದೆ ಅಮೆರಿಕದ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ನಮ್ಮ ಭಾರತದ ಲೇಬಲ್ ನಿಯಮದಲ್ಲಿ ಅದು 2000, ಅಂದರೆ 5 ಗ್ರಾಂ ಉಪ್ಪು. ಅದರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬರೀ ಸೊಪ್ಪಿನ ಮೇಲೆ ಸುರಿದದ್ದರಲ್ಲೇ ಮುಗಿಯಿತು. ಉಪ್ಪಿನ ಲೆಕ್ಕದಲ್ಲಿ ಸುಮಾರು 1.8 ಗ್ರಾಂ. ಅಷ್ಟು ಉಪ್ಪನ್ನು ತಕ್ಕಡಿಯಲ್ಲಿ ತೂಗಿ ಬಿಳಿ ತಟ್ಟೆಯ ಮೇಲೆ ಹಾಕಿ ಅಮ್ಮನಿಗೆ ತೋರಿಸಿದೆ.

ಅದು ನನ್ನ ತಪ್ಪು. ಅಮ್ಮನಿಗೆ ಬಿಪಿ ಇದೆ. ಬಂದ ದಿನವೇ ಅವಳ ಬ್ಯಾಗಿನಿಂದ ಮಾವಿನ ಮಿಡಿ ಉಪ್ಪಿನಕಾಯಿ ಡಬ್ಬಿ ತೆಗೆದು ಮೇಲಿಟ್ಟವನು ನಾನು. ತಟ್ಟೆ ನೋಡಿದಳು, ನನ್ನ ಮುಖ ನೋಡಿದಳು. "ನನ್ನ ಉಪ್ಪಿನಕಾಯಿ ಎಲ್ಲಿಟ್ಟೆ, ಕೊಡು" ಅಂದಳು. ಕೊಡಬೇಕಾಯಿತು. ಅರ್ಧ ಮಿಡಿಗೆ ಒಪ್ಪಂದ ಆಯಿತು.

ಆಮೇಲೆ ಮಿಟಮಿನ್ನಿನ ವಿಷಯ. ಅಮ್ಮ ವಿಟಮಿನ್ನಿಗೆ ಮಿಟಮಿನ್ ಅನ್ನುತ್ತಾಳೆ, ನನಗೂ ಅದೇ ಅಭ್ಯಾಸ. ಲೇಬಲ್ಲಿನ ಕೆಳಗೆ ವಿಟಮಿನ್ ಡಿ, ಕ್ಯಾಲ್ಸಿಯಂ, ಕಬ್ಬಿಣ, ಪೊಟ್ಯಾಸಿಯಂ ನಾಲ್ಕಕ್ಕೂ ಸೊನ್ನೆ, ಇಲ್ಲವೇ ಸೊನ್ನೆಯ ಪಕ್ಕದ ಮನೆ. ಮಜ್ಜಿಗೆ ಇದೆ ಅಂತ ಹೆಸರಿದ್ದರೂ ಕ್ಯಾಲ್ಸಿಯಂ ಲೆಕ್ಕಕ್ಕೆ ಬರುವಷ್ಟು ಇಲ್ಲ. ಸೋಯಾ ಎಣ್ಣೆಯಲ್ಲಿ ವಿಟಮಿನ್ ಕೆ ಒಂದಿಷ್ಟಿದೆ, ಆದರೆ ಕೆಳಗಿರುವ ಪಾಲಕ್ ಸೊಪ್ಪಿನಲ್ಲಿ ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ ಇರುವುದರಿಂದ ಆ ಮಾತು ಬಿಡಿ.

ನಿಜವಾದ ವಿಷಯ ಡ್ರೆಸ್ಸಿಂಗ್ ಒಳಗೆ ಏನಿದೆ ಅನ್ನುವುದಲ್ಲ, ತರಕಾರಿಯಲ್ಲಿ ಇರುವುದನ್ನು ಮೈಗೆ ಸೇರಿಸಲು ಅದು ಏನು ಮಾಡುತ್ತದೆ ಅನ್ನುವುದು. ಕ್ಯಾರೆಟ್ಟಿನ ಕೇಸರಿ, ಟೊಮೆಟೊದ ಕೆಂಪು, ಸೊಪ್ಪಿನ ಹಸಿರಿನಡಿ ಅಡಗಿರುವ ಹಳದಿ, ಇವೆಲ್ಲ ಕೆರೊಟಿನಾಯ್ಡು ಅನ್ನುವ ಬಣ್ಣದ ಪೋಷಕಾಂಶಗಳು. ನೀರಿನಲ್ಲಿ ಕರಗುವುದಿಲ್ಲ, ಕೊಬ್ಬು ಬೇಕು. ಇಲ್ಲಿಂದ ಪಶ್ಚಿಮಕ್ಕಿರುವ ಅಯೋವಾ ಸ್ಟೇಟ್ ಯೂನಿವರ್ಸಿಟಿಯವರು 2004ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪಾಲಕ್, ಲೆಟಿಸ್, ಚೆರಿ ಟೊಮೆಟೊ, ಕ್ಯಾರೆಟ್ಟಿನ ಒಂದೇ ಥರದ ಸಲಾಡ್. ಡ್ರೆಸ್ಸಿಂಗಿನಲ್ಲಿ ಒಂದು ಸಲ ಎಣ್ಣೆ ಸೊನ್ನೆ, ಒಂದು ಸಲ 6 ಗ್ರಾಂ, ಒಂದು ಸಲ 28 ಗ್ರಾಂ. ತಿಂದ ಮೇಲೆ ಗಂಟೆಗಂಟೆಗೂ ರಕ್ತ ತೆಗೆದು ನೋಡಿದರು. ಸೊನ್ನೆ ಇದ್ದಾಗ ಕೆರೊಟಿನಾಯ್ಡು ರಕ್ತಕ್ಕೆ ಸೇರಿದ್ದು ಹೆಚ್ಚುಕಡಿಮೆ ಏನೂ ಇಲ್ಲ. 6 ಗ್ರಾಂಗೆ ಅಷ್ಟಿಷ್ಟು. 28ಕ್ಕೆ ಚೆನ್ನಾಗಿಯೇ ಸೇರಿತು. ತಿಂದವರು ಏಳೇ ಜನ, ಅದನ್ನೂ ಹೇಳಬೇಕು.

ಹಾಗಾದರೆ ಎಣ್ಣೆ ಸುರಿದುಕೊಳ್ಳಿ ಅಂತಲಾ? 2012ರಲ್ಲಿ ಪರ್ಡ್ಯೂ ಯೂನಿವರ್ಸಿಟಿಯವರು 29 ಜನರಿಗೆ ಬೆಣ್ಣೆ, ಕೆನೊಲಾ ಎಣ್ಣೆ, ಸೋಯಾ ಎಣ್ಣೆಯ ಡ್ರೆಸ್ಸಿಂಗುಗಳನ್ನು 3, 8, 20 ಗ್ರಾಂ ಕೊಬ್ಬಿನಂತೆ ಕೊಟ್ಟು ನೋಡಿದರು. ಸೋಯಾ ಎಣ್ಣೆ ಮತ್ತು ಬೆಣ್ಣೆಯಲ್ಲಿ ಕೊಬ್ಬು ಹೆಚ್ಚಿದಷ್ಟೂ ಸೇರುವುದು ಹೆಚ್ಚಿತು. ಕೆನೊಲಾದಲ್ಲಿ ಮಾತ್ರ 3 ಗ್ರಾಂ ಇದ್ದರೂ 20 ಗ್ರಾಂ ಮಾಡುವಷ್ಟೇ ಕೆಲಸ ಮಾಡಿತು. ಯಾವ ಎಣ್ಣೆ ಅನ್ನುವುದೂ ಮುಖ್ಯ. ನನ್ನ ಬಾಟಲಿಯಲ್ಲಿರುವುದು ಸೋಯಾ, ಎರಡು ಚಮಚಕ್ಕೆ 5 ಗ್ರಾಂ. ಕ್ಯಾರೆಟ್ ತಿಂದದ್ದು ದಂಡ ಅಲ್ಲ, ಪೂರ್ತಿ ಫಲವೂ ಅಲ್ಲ. ಫ್ಯಾಟ್ ಫ್ರೀ ಸುರಿದು ತಿಂದಿದ್ದರೆ ಮಾತ್ರ ಸುಮ್ನೆ ಬಣ್ಣ ನೋಡಿ ಸಮಾಧಾನ ಪಟ್ಟ ಹಾಗೆ.

ಕೋಸಂಬರಿ ಮೇಲೆ ತೆಂಗಿನ ತುರಿ, ಒಂದು ಚಮಚ ಎಣ್ಣೆಯ ಒಗ್ಗರಣೆ ಬೀಳುತ್ತದೆ. ಉತ್ತರ ಕರ್ನಾಟಕದ ಕಡೆ ಹಸಿ ಮೆಂತ್ಯ ಸೊಪ್ಪು, ಮೂಲಂಗಿ, ಸವತೆಕಾಯಿಯ ಜೊತೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಇರುತ್ತದೆ. ಅಜ್ಜಿಯರಿಗೆ ಕೆರೊಟಿನಾಯ್ಡು ಗೊತ್ತಿತ್ತು ಅಂತ ನಾನು ಹೇಳುವವನಲ್ಲ, ಅಂಥ ಫಾರ್ವರ್ಡ್ ಮೆಸೇಜು ಸಾಕಷ್ಟಿವೆ. ರುಚಿಗೆ ಹಾಕಿದರು, ಕೆಲಸವೂ ಆಯಿತು.

ಅಮ್ಮ ಒಂದು ವಾರ ನೋಡಿದಳು, ಆಮೇಲೆ ತಾನೇ ಒಂದು ಮಾಡಿದಳು. ಹೆಪ್ಪು ಹಾಕಿದ ಮೊಸರು. ಬೆಳ್ಳುಳ್ಳಿ ಜಜ್ಜಿ, ಕಾಳುಮೆಣಸು ಕುಟ್ಟಿ, ಇಲ್ಲಿನ ಅಂಗಡಿಯಲ್ಲಿ ಹಿಡಿಯೂ ತುಂಬದ ಕಟ್ಟಿಗೆ ಎರಡು ಡಾಲರ್ ತೆಗೆದುಕೊಂಡ ಸಬ್ಬಸಿಗೆಯನ್ನು ಸಣ್ಣಗೆ ಹೆಚ್ಚಿ ಹಾಕಿದಳು. ಮೇಲೊಂದು ಒಗ್ಗರಣೆ, ಸಾಸಿವೆ ಇಂಗು. ನಾನು ತಕ್ಕಡಿ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಗಟ್ಟಿ ಹಾಲಿನ ಮೊಸರಿನಲ್ಲಿ ನೂರು ಗ್ರಾಂಗೆ 60 ಕ್ಯಾಲೊರಿ, ಮೂರು ಗ್ರಾಂ ಚಿಲ್ಲರೆ ಕೊಬ್ಬು, ಮೂರೂವರೆ ಗ್ರಾಂ ಪ್ರೋಟೀನ್, 120 ಮಿಲಿಗ್ರಾಂ ಕ್ಯಾಲ್ಸಿಯಂ. ಸೋಡಿಯಂ 50ರ ಒಳಗೆ. ನನ್ನ ಪಾಲಿನ 75 ಗ್ರಾಂ ಮೊಸರು, ಅರ್ಧ ಟೀ ಚಮಚ ಎಣ್ಣೆ, ದೊಡ್ಡ ಚಿಟಿಕೆ ಉಪ್ಪು ಸೇರಿಸಿ ಕೂಡಿದರೆ 65 ಕ್ಯಾಲೊರಿ ಆಸುಪಾಸು, ಕೊಬ್ಬು 5 ಗ್ರಾಂ, ಸೋಡಿಯಂ 320. ಪ್ರೋಟೀನ್ ಎರಡೂವರೆ ಗ್ರಾಂ, ಕ್ಯಾಲ್ಸಿಯಂ 90 ಮಿಲಿಗ್ರಾಂ. ಅಂದರೆ ನಾನು ಎಂದಿನಂತೆ ಕೈ ಬಿಟ್ಟು ಸುರಿದುಕೊಂಡರೂ ಬಾಟಲಿಯ ಎರಡು ಚಮಚದ ಲೆಕ್ಕದ ಹತ್ತಿರವೇ ಇದ್ದೆ.

ರುಚಿ ಚೆನ್ನಾಗಿತ್ತು. ರ‍್ಯಾಂಚ್ ಆಗಿರಲಿಲ್ಲ. ಮಗಳು ನಾಲಿಗೆಗೆ ಮುಟ್ಟಿಸಿ, "ಅಜ್ಜಿ, ಇದು ಮೊಸರು ಬಜ್ಜಿ" ಅಂದು ತೀರ್ಪು ಕೊಟ್ಟಳು. ಅಮ್ಮನಿಗೂ ಸಮಾಧಾನ ಇಲ್ಲ. "ನಿಮ್ಮ ಈ ಸೊಪ್ಪಲ್ಲೇ ರುಚಿ ಇಲ್ಲ, ಇದಕ್ಕೆ ಏನು ಹಾಕಿದ್ರೂ ಅಷ್ಟೇ" ಅಂದಳು. ಬೆಳಗ್ಗೆ ಮಾಡಿ ಆಫೀಸಿಗೆ ಡಬ್ಬಿಯಲ್ಲಿ ಒಯ್ದರೆ ಮಧ್ಯಾಹ್ನಕ್ಕೆ ಮೇಲೆ ತಿಳಿನೀರು ನಿಂತಿತ್ತು. ಯೂನಿವರ್ಸಿಟಿ ಸ್ಟ್ರೀಟಿನ ಅಂಟು ಏನು ಕೆಲಸ ಮಾಡುತ್ತಿತ್ತು ಅಂತ ಆಗ ಸರಿಯಾಗಿ ಅರ್ಥವಾಯಿತು.

ಈಗ ಮನೆಯಲ್ಲಿ ಎರಡೂ ಇರುತ್ತವೆ. ಮೊಸರು ಇದ್ದ ದಿನ ಮೊಸರು, ಪುರುಸೊತ್ತಿಲ್ಲದ ದಿನ ಬಾಟಲಿ. ಬಾಟಲಿಯ ಕುತ್ತಿಗೆಗೆ ಒಂದು ಟೇಬಲ್ ಸ್ಪೂನನ್ನು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ್ದೇನೆ. ನೋಡಿದವರು ನಗುತ್ತಾರೆ. ಎಲ್‌ಡಿಎಲ್ ಮೊನ್ನೆ 131 ಬಂತು. ಅದಕ್ಕೆ ಕಾರಣ ಡ್ರೆಸ್ಸಿಂಗಾ, ಸಂಜೆಯ ವಾಕಿಂಗಾ, ಅಥವಾ ಅಮ್ಮ ಇದ್ದಷ್ಟು ದಿನ ಪಿಜ್ಜಾ ತರಿಸದೆ ಇದ್ದದ್ದಾ, ಹೇಳೋಕಾಗಲ್ಲ.

ಅಮ್ಮ ಹೊರಡುವ ಹಿಂದಿನ ಸಂಜೆ ನಾನು ಎಂದಿನಂತೆ ತಕ್ಕಡಿ ಮುಂದಿಟ್ಟುಕೊಂಡು ಸಲಾಡ್ ತಿಂದು ಮುಗಿಸಿದ್ದೆ. ಅವಳು ಬಟ್ಟಲಿನೊಳಗೆ ಬಗ್ಗಿ ನೋಡಿದಳು.

"ತಳದಲ್ಲಿ ಉಳಿದಿರೋದನ್ನ ಲೆಕ್ಕದಿಂದ ಕಳೀತೀಯಾ?"

ಇಷ್ಟು ದಿನ ಅದು ಹೊಳೆದೇ ಇರಲಿಲ್ಲ. ಬಟ್ಟಲನ್ನು ತಕ್ಕಡಿ ಮೇಲಿಟ್ಟು, ಖಾಲಿ ಬಟ್ಟಲಿನ ತೂಕ ಕಳೆದೆ. 19 ಗ್ರಾಂ. ಅದರಲ್ಲಿ ಡ್ರೆಸ್ಸಿಂಗ್ ಎಷ್ಟು, ಸೌತೆಕಾಯಿ ಬಿಟ್ಟ ನೀರೆಷ್ಟು ಅಂತ ಯೋಚಿಸುತ್ತಾ ಕೂತೆ. ಅಷ್ಟರಲ್ಲಿ ಅಮ್ಮ ಬಟ್ಟಲು ಎತ್ತಿಕೊಂಡು ಹೋಗಿ ಸಿಂಕಿನಲ್ಲಿ ನಲ್ಲಿ ಬಿಟ್ಟಾಗಿತ್ತು.